ಪಪ್ಪಾಯಿ ಗಿಡಕ್ಕೆ ದಾಳಿಂಬೆಯ ಪುಡಿ

ನಾನು ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿ ಶುರುವಾಯಿತು. ಹೊಲದಲ್ಲಿ ಯಾವ ಗಿಡಕ್ಕೆ ಏನೇ ಆಗಲಿ, ಔಷಧದ ಅಂಗಡಿಗೆ ಹೋಗುವ ಮೊದಲು ನನ್ನನ್ನು ಕೇಳುವುದು. ನಾನು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕೃಷಿಯಲ್ಲ. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ್ದೆ. ಅವುಗಳ ನಡುವೆ ಆ್ಯಂಟಿಬಯೋಟಿಕ್ ಬಿಲ್ಲೆಯಿಟ್ಟು, ಸುತ್ತ ಎಷ್ಟು ಮಿಲಿಮೀಟರ್ ಜಾಗ ಖಾಲಿಯಾಯಿತೆಂದು ಸ್ಕೇಲು ಹಿಡಿದು ಅಳೆದಿದ್ದೆ. ನಿಂತ ಗಿಡ ನೋಡಿ ರೋಗ ಹೇಳುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಈ ವ್ಯತ್ಯಾಸವನ್ನು ಮನೆಯವರಿಗೆ ನಾನು ಒಮ್ಮೆಯೂ ಬಿಡಿಸಿ ಹೇಳಲಿಲ್ಲ. ಅವರು ಬಂದು ಕೇಳುವುದು ನನಗೆ ಹಿತವಾಗಿತ್ತು.

ನಮ್ಮ ಹಳ್ಳಿ ಹನುಮಸಾಗರಕ್ಕೆ ಹತ್ತಿರ. ನಾನು ಕುಷ್ಟಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ, ಅವನ ಹೆಂಡತಿ ಚಿಗವ್ವ. ಅಪ್ಪ ಸಾಲಿ ಮಾಸ್ತರು. ಹೊಲ ನೋಡಿಕೊಳ್ಳುವವನು ಕಾಕಾ. ಜೊತೆಗೆ ಒಂದು ಸರಕಿನ ಆಟೋ ಇಟ್ಟುಕೊಂಡು ಯಲಬುರ್ಗಾ, ಕೊಪ್ಪಳ ಅಂತ ಬಾಡಿಗೆಗೆ ಓಡಿಸುತ್ತಾನೆ. ಹೊಲದ ವಿಷಯದಲ್ಲಿ ಕಡೆಯ ಮಾತು ಅವನದೇ.

ನಮ್ಮ ಕಡೆ ಎಷ್ಟೋ ಮನೆಗಳಿಗೆ ಒಂದು ದಾಳಿಂಬೆಯ ಕಾಲವಿತ್ತು. ನಮಗೂ ಇತ್ತು. ಕಾಯಿಯ ಮೇಲೆ ಎಣ್ಣೆ ಹನಿ ಬಿದ್ದಂತೆ ಚುಕ್ಕೆ ಮೂಡುತ್ತಿತ್ತು, ಆಮೇಲೆ ಅದು ಕಪ್ಪಾಗುತ್ತಿತ್ತು, ಆಮೇಲೆ ಕಾಯಿ ಸೀಳುತ್ತಿತ್ತು. ಅದು ದುಂಡಾಣು ರೋಗ, ಎಂದರೆ ಬ್ಯಾಕ್ಟೀರಿಯಾದಿಂದ ಬರುವುದು. ಅದಕ್ಕೆ ಅಂಗಡಿಯಲ್ಲಿ ಬೆರಳುದ್ದದ ಪೊಟ್ಟಣದಲ್ಲಿ ಬಿಳಿ ಪುಡಿಯೊಂದು ಸಿಗುತ್ತಿತ್ತು. ಮನುಷ್ಯರ ಕ್ಷಯಕ್ಕೆ ಸೂಜಿ ಮಾಡುತ್ತಿದ್ದ ಸ್ಟ್ರೆಪ್ಟೋಮೈಸಿನ್ನೇ ಅದರ ಮುಖ್ಯ ಭಾಗ. ನಮ್ಮ ಮನೆಯಲ್ಲಿ ಅದಕ್ಕೆ ದಾಳಿಂಬ್ರಿ ಪುಡಿ ಎಂದು ಹೆಸರು. ತಾಮ್ರದ ಔಷಧದ ಜೊತೆ ಕಲಸಿ ಹೊಡೆದರೆ ರೋಗ ಪೂರ್ತಿ ಹೋಗದಿದ್ದರೂ ಅಲ್ಲಿಗೆ ನಿಲ್ಲುತ್ತಿತ್ತು. ಕೆಲವು ವರ್ಷಗಳ ಮೇಲೆ ದಾಳಿಂಬೆ ಕಿತ್ತು ಹಾಕಿದರು. ಪುಡಿಯ ಮೇಲಿನ ನಂಬಿಕೆ ಮಾತ್ರ ಉಳಿಯಿತು. ಬದನೆ ಬಾಡಿದರೂ ಅದೇ, ಮೆಣಸಿನ ಎಲೆ ಮುರುಟಿದರೂ ಅದೇ. ಎಣ್ಣೆ ಚುಕ್ಕೆ ಕಂಡರಂತೂ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ.

ದಾಳಿಂಬೆ ಕಿತ್ತ ಜಾಗದಲ್ಲಿ ಅರ್ಧ ಎಕರೆ ಖಾಲಿ ಬಿದ್ದಿತ್ತು. ಚಿಗವ್ವ ಅದನ್ನು ಕೇಳಿದಳು.

ಆಕೆ ಹತ್ತು ಹನ್ನೆರಡು ವರ್ಷದಿಂದ ಬೀಜದ ಕಂಪನಿಗಳ ನೆರಳು ಪರದೆಯೊಳಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನೆಟ್ ಎಂದರೇ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಂಜೆ ಟೊಮೇಟೊ ಮೊಗ್ಗನ್ನು ಚಿಮಟಿಯಿಂದ ಬಿಡಿಸಿ ಗಂಡು ಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಗಿಡದ ಪರಾಗದ ಹುಡಿಯನ್ನು ಬೆರಳಿನ ಉಂಗುರದ ಗುಳಿಯಲ್ಲಿ ತುಂಬಿಕೊಂಡು ಆ ಹೂವಿಗೆ ಹಚ್ಚುವುದು. ದಿನಕ್ಕೆ ಸಾವಿರ ಹೂವು. ಚಿಗವ್ವನ ಕೈ ಅದರಲ್ಲಿ ಹೆಸರು ಮಾಡಿತ್ತು. ಆದರೆ ನಲವತ್ತಕ್ಕೆ ಕಾಲಿಡುವ ಹೊತ್ತಿಗೆ ಆಕೆಗೆ ಬೇರೆಯವರ ಹೂವು ಸಾಕಾಗಿತ್ತು. ತವರು ಇರಕಲ್ಲಗಡದ ಕಡೆ ಯಾರದೋ ಪಪ್ಪಾಯಿ ತೋಟ ನೋಡಿ ಬಂದಿದ್ದಳು.

"ಒಂದ ಬೆಳಿ ನನಗ ಬಿಡ್ರಿ," ಎಂದು ಊಟಕ್ಕೆ ಬಡಿಸುತ್ತಾ ಕಾಕಾನನ್ನು ಕೇಳಿದಳು. "ಯಾರ್ನೂ ಕರಿಯಂಗಿಲ್ಲ. ನಾನ ಹಚ್ತೀನಿ, ನಾನ ನೋಡ್ಕೋತೀನಿ."

ಆ ಅರ್ಧ ಎಕರೆಯನ್ನು ಒಂದು ಕಂಪನಿಯವರು ನೆಟ್ ಹಾಕಲು ಆಗಲೇ ಕೇಳಿದ್ದರು. ಕಾಕಾ ರೊಟ್ಟಿ ಮುರಿದ.

"ಒಂದ ಬೆಳಿ ಅಂದ್ರ ಒಂದ. ಛಲೋ ಬಂತು, ಹೊಲ ನಿಂದು, ನಾ ಆ ಕಡಿ ಹಾಯಂಗಿಲ್ಲ. ಬರಲಿಲ್ಲ, ನೆಟ್ಟಿನವರಿಗೆ ಐದ ವರ್ಷಕ್ಕ ಬರದುಕೊಡಾಂವ. ಆಮ್ಯಾಲ ಮಾರಿ ಸಣ್ಣ ಮಾಡ್ಕೊಂಡು ಕುಂದ್ರಬಾರ್ದು."

"ಇಲ್ಲ."

"ಅಕ್ಕೋರ, ನೀವ ಸಾಕ್ಷಿ," ಎಂದು ನನ್ನ ಕಡೆ ನೋಡಿದ. ನಮ್ಮ ಕಡೆ ಮೇಷ್ಟ್ರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನನ್ನನ್ನು ಕಾಡಿಸುವಾಗ ಕಾಕಾ ಯಾವಾಗಲೂ ಹಾಗೇ ಕರೆಯುವುದು.

ಚಿಗವ್ವ ನಾನೂರ ಐವತ್ತು ಸಸಿ ಹಚ್ಚಿದಳು. ಬೆಳಿಗ್ಗೆ ನೆಟ್ ಕೆಲಸಕ್ಕೆ ಹೋಗುವ ಮೊದಲು ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು. ಗಿಡ ಎದೆಮಟ್ಟ ಬಂದು ಹೂವು ಬಿಟ್ಟಾಗ ಆಕೆ ನೆಟ್ ಕೆಲಸ ಬಿಟ್ಟಳು. ಮೇಸ್ತ್ರಿಗೆ "ಇನ್ನ ಬರಂಗಿಲ್ರಿ" ಅಂತ ಹೇಳಿ ಬಂದದ್ದನ್ನು ಅವ್ವನಿಗೆ ಎರಡು ಸಲ ಹೇಳಿದಳು.

ಆ ಚಳಿಗಾಲದಲ್ಲಿ ನನಗೆ ನೆಗಡಿ ಬಂತು. ದನಿ ಹೋಗಿ ಪಾಠ ಮಾಡಲಾಗದೆ, ಮೂರನೇ ದಿನ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ದವಾಖಾನೆಗೆ ಹೋದೆ. ಡಾಕ್ಟರು ಗಂಟಲು ನೋಡಿ ಚೀಟಿ ಬರೆದರು. ಮೊದಲ ಸಾಲಿನಲ್ಲೇ ಐದು ದಿನದ ಆ್ಯಂಟಿಬಯೋಟಿಕ್ ಇತ್ತು.

ನಾನು ಚೀಟಿ ತೆಗೆದುಕೊಂಡು ಎದ್ದು ಬರಬಹುದಿತ್ತು. ಹಾಗೆ ಮಾಡದೆ, "ಇದು ವೈರಸ್‌ದ ನೆಗಡಿ ಅಲ್ರಿ?" ಎಂದು ಕೇಳಿದೆ. "ಆ್ಯಂಟಿಬಯೋಟಿಕ್ ಏನ್ ಮಾಡ್ತೈತ್ರಿ ಇದಕ್ಕ?"

ಕೋಣೆಗೆ ಬಾಗಿಲಿರಲಿಲ್ಲ. ಬಾಕಿನ ಮೇಲೆ ಕೂತಿದ್ದ ಏಳೆಂಟು ಜನರಿಗೂ ಕೇಳಿಸಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಏನ್ ಓದೀರಿ?"

ಹೇಳಿದೆ.

"ಹಂಗಾರ ನೀವ ಬರಕೊಳ್ರಿ," ಎಂದು ಚೀಟಿಯನ್ನು ನನ್ನ ಕಡೆ ಸರಿಸಿದರು. ಸಿಟ್ಟಿನಿಂದಲ್ಲ, ದಣಿವಿನಿಂದ. ಬಾಕಿನಲ್ಲಿದ್ದ ಮುದುಕನೊಬ್ಬ, "ಡಾಕ್ಟರಗ ಪಾಠಾ ಹಚ್ಯಾಳಲೇ ಈ ಹುಡುಗಿ," ಎಂದ. "ಯವ್ವಾ, ನನ್ನ ಚೀಟೀನೂ ಒಂದಿಷ್ಟು ತಿದ್ದಿ ಕೊಡು." ಎಲ್ಲರೂ ನಕ್ಕರು. ಡಾಕ್ಟರೂ ನಕ್ಕು, ಮೊದಲ ಸಾಲು ಹೊಡೆದುಹಾಕಿ, ಜ್ವರದ ಮಾತ್ರೆ ಮತ್ತು ಬಿಸಿ ಹಬೆ ಬರೆದುಕೊಟ್ಟರು.

ನಾನು ಹೇಳಿದ್ದು ಸರಿಯಿತ್ತು. ಅದೇ ವಾರ ಅದನ್ನೇ ತರಗತಿಯಲ್ಲಿ ಹೇಳಿದ್ದೆ. ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ. ಅದಕ್ಕೆ ತನ್ನದೇ ಗೋಡೆಯಿದೆ, ಪ್ರೋಟೀನು ಮಾಡಿಕೊಳ್ಳುವ ತನ್ನದೇ ಯಂತ್ರಗಳಿವೆ. ಅವು ನಮ್ಮ ಜೀವಕೋಶದವುಗಳಿಗಿಂತ ಬೇರೆ ರೀತಿಯವು. ಆ್ಯಂಟಿಬಯೋಟಿಕ್ ಹಿಡಿಯುವುದು ಆ ಬೇರೆತನವನ್ನೇ. ಪೆನಿಸಿಲಿನ್ ಗೋಡೆ ಕಟ್ಟಲು ಬಿಡುವುದಿಲ್ಲ, ಸ್ಟ್ರೆಪ್ಟೋಮೈಸಿನ್ ಯಂತ್ರ ಕೆಡಿಸುತ್ತದೆ. ನಮ್ಮದಕ್ಕೆ ಹೆಚ್ಚು ಧಕ್ಕೆಯಿಲ್ಲ. ವೈರಸ್‌ಗೆ ಗೋಡೆಯೂ ಇಲ್ಲ, ಯಂತ್ರವೂ ಇಲ್ಲ. ಅದು ಒಂದು ಹೊದಿಕೆಯೊಳಗೆ ಮಡಚಿಟ್ಟ ಆಜ್ಞೆ ಅಷ್ಟೆ. ನಮ್ಮ ಜೀವಕೋಶದೊಳಗೆ ಹೊಕ್ಕು ನಮ್ಮ ಯಂತ್ರದಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ಹೋಗಿ ಹುಡುಕುವ ಗುರಿ ಅಲ್ಲಿ ಇರುವುದೇ ಇಲ್ಲ. ಬೋರ್ಡಿನ ಮೇಲೆ ಎರಡು ಚಿತ್ರ ಬರೆದು ಚೆನ್ನಾಗಿಯೇ ವಿವರಿಸಿದ್ದೆ.

ಸಂಜೆಯ ಬಸ್ಸಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಾಗಲೂ ಆ ದವಾಖಾನೆಯ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದೆ. ಆಗ ಫೋನಿಗೆ ಚಿಗವ್ವನ ಫೋಟೋ ಬಂತು. ಆಕೆಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪಪ್ಪಾಯಿ ಎಲೆಯ ದೇಟು. ದೇಟಿನ ಮೇಲೆ ಕಡುಹಸಿರಿನ, ಎಣ್ಣೆ ಸವರಿದಂಥ ಗೆರೆಗಳು, ಚುಕ್ಕೆಗಳು. ಜೊತೆಗೆ ದನಿಯ ಸಂದೇಶ: "ಏಳ ಗಿಡಕ್ಕ ಹಿಂಗ ಎಣ್ಣಿ ಚುಕ್ಕಿ ಬಿದ್ದಾವ ನೋಡವಾ. ದಾಳಿಂಬ್ರಿದ ರೋಗನ ಐತೇನ ಇದು? ಪುಡಿ ಹೊಡೀಲೇನು? ನೀ ಹೂಂ ಅಂದ್ರ ನಾಳಿ ಹೊಡೀತೀನಿ."

ಪ್ರಶ್ನೆಯೊಳಗೇ ಉತ್ತರವಿತ್ತು. ನಾನು ಫೋಟೋ ದೊಡ್ಡದು ಮಾಡಿ ಒಮ್ಮೆ ನೋಡಿದೆ. ಬರೀ ದೇಟು ಕಾಣುತ್ತಿತ್ತು, ಎಲೆ ಕಾಣುತ್ತಿರಲಿಲ್ಲ. ಎಲೆ ಹೇಗಿದೆ ಎಂದು ಕೇಳಲಿಲ್ಲ. ತುದಿಯ ಎಳೆ ಎಲೆ ತೋರಿಸು ಎನ್ನಲಿಲ್ಲ. "ಹೌದು, ದುಂಡಾಣು. ಪುಡಿ ಹೊಡಿ" ಎಂದು ಬರೆದೆ. "ಇರಬಹುದು" ಎಂದು ಬರೆಯಲು ಮೊದಲು ಹೊರಟಿದ್ದೆ, ಅದನ್ನು ಅಳಿಸಿದ್ದು ನೆನಪಿದೆ.

ಹೊಲ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಅವತ್ತು ಹೋಗಲಿಲ್ಲ, ನೆಗಡಿ. ಮರುದಿನವೂ ಹೋಗಲಿಲ್ಲ. ಆ ವಾರದ ಭಾನುವಾರ ಪ್ರಶ್ನೆಪತ್ರಿಕೆ ತಯಾರಿಸುವುದಿತ್ತು.

ಚಿಗವ್ವ ಹೇಳಿದ ಹಾಗೆಯೇ ಹೊಡೆದಳು. ಅಳತೆ ತಪ್ಪಲಿಲ್ಲ, ಹೊತ್ತು ತಪ್ಪಲಿಲ್ಲ. ವಾರ ಬಿಟ್ಟು ಮತ್ತೆ ಹೊಡೆದಳು. ತಾಮ್ರದ ನೀಲಿ ಕಲೆ ಆಕೆಯ ಉಗುರಿನ ಸುತ್ತ ಕೂತಿತ್ತು. ಕಾಕಾ ಬಾಡಿಗೆಗೆ ಹೋದ ಹೊತ್ತಿನಲ್ಲಿ ಓಣಿಯಲ್ಲಿ ಯಾರಾದರೂ ಪಪ್ಪಾಯಿ ಹೆಂಗೈತಿ ಎಂದರೆ, "ಸ್ವಲ್ಪ ರೋಗ ಬಂದಿತ್ತು, ನಮ್ಮ ಹುಡುಗಿ ಫೋನಿನಾಗ ನೋಡಿ ಹೇಳಿದ್ಳು," ಎನ್ನುತ್ತಿದ್ದಳು. ನಾನು ಒಳಗಿನಿಂದ ಅದನ್ನು ಕೇಳಿಸಿಕೊಂಡಿದ್ದೇನೆ.

ಎರಡು ವಾರದ ಮೇಲೆ ಒಂದು ಭಾನುವಾರ ಹೊಲಕ್ಕೆ ಹೋದೆ. ಚಿಗವ್ವ ಮುಂದೆ ನಡೆಯುತ್ತಾ ಒಂದೊಂದೇ ಸಾಲು ತೋರಿಸುತ್ತಿದ್ದಳು. ಮೂರನೇ ಸಾಲಿಗೆ ಬಂದಾಗ ನನಗೆ ತಿಳಿಯಿತು. ಎಲೆಯ ಮೇಲೆ ಹಳದಿ ಹಸಿರು ಕಲಸಿದ ಮಚ್ಚೆ. ತುದಿಯ ಎಳೆ ಎಲೆಗಳು ಅಗಲವಾಗದೆ ದಾರದಂತೆ ಸೊರಗಿ ನಿಂತಿದ್ದವು. ಒಂದು ಗಿಡದ ಎಳೆಗಾಯಿಯ ಮೇಲೆ ಉಂಗುರ ಒತ್ತಿದಂಥ ಗುರುತು. ಇದು ವೈರಸ್. ನನ್ನ ಪಠ್ಯದಲ್ಲೇ ಒಂದು ಪುಟದ ಮೂಲೆಯಲ್ಲಿ ಇದರ ಚಿತ್ರವಿತ್ತು. ಇದಕ್ಕೆ ಔಷಧವಿಲ್ಲ. ರೋಗದ ಗಿಡವನ್ನು ಮೊದಲ ದಿನವೇ ಕಿತ್ತು ದೂರ ಸುಟ್ಟರೆ ಉಳಿದವು ಬದುಕಬಹುದು. ಇಲ್ಲವಾದರೆ ಎಲೆಯಡಿಯ ಹೇನು ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕೂತ ಕ್ಷಣದಲ್ಲಿ ರೋಗ ದಾಟುತ್ತದೆ. ಏಳು ಗಿಡ ಕಿತ್ತಿದ್ದರೆ ಸಾಕಾಗುತ್ತಿತ್ತೋ ಏನೋ, ಗೊತ್ತಿಲ್ಲ. ಆ ಏಳನ್ನು ನಾನು ಹದಿನೈದು ದಿನ ನಿಲ್ಲಿಸಿದ್ದೆ. ಈಗ ನಲವತ್ತರ ಮೇಲಿದ್ದವು.

"ಹೆಂಗ?" ಎಂದಳು ಚಿಗವ್ವ. "ದೇಟಿನ ಚುಕ್ಕಿ ಸ್ವಲ್ಪ ಕಮ್ಮಿ ಅನಸ್ತಾವಲ್ಲ?"

ಕಾಕಾ ಬದುವಿನ ಮೇಲೆ ಕೂತು ಫೋನು ನೋಡುತ್ತಿದ್ದ. "ಏನಂತಾರ ಅಕ್ಕೋರು? ಪಪ್ಪಾಯಿ ಪಾಸೋ, ನಪಾಸೋ?" ಎಂದು ಅಲ್ಲಿಂದಲೇ ಕೂಗಿದ.

"ಇನ್ನೊಂದ ಸಲ ಹೊಡದು ನೋಡೂಣು," ಎಂದು ಚಿಗವ್ವನಿಗಷ್ಟೇ ಕೇಳುವಂತೆ ಹೇಳಿದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ತಪ್ಪಿ ಬಂದದ್ದಲ್ಲ. ಕಾಕಾ ಅಲ್ಲೇ ಇದ್ದಾನೆ, ಈಗ ವೈರಸ್ ಎಂದರೆ ಹೊಲ ನೆಟ್ಟಿನವರಿಗೆ ಹೋಗುತ್ತದೆ, ಚಿಗವ್ವನಿಗಾಗಿಯೇ ಸುಮ್ಮನಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕಾಕಾ ಎದ್ದು ಹೋದ ಮೇಲೂ ನಾವಿಬ್ಬರೇ ಅರ್ಧ ತಾಸು ಅಲ್ಲಿದ್ದೆವು. ಆಗಲೂ ಹೇಳಲಿಲ್ಲ. ದವಾಖಾನೆಯಲ್ಲಿ ಅಪರಿಚಿತರ ಮುಂದೆ ಡಾಕ್ಟರನ್ನು ತಿದ್ದಲು ನನಗೆ ಬಾಯಿಯಿತ್ತು. ನನ್ನನ್ನು ನಾನು ತಿದ್ದಿಕೊಳ್ಳಲು ಇರಲಿಲ್ಲ.

ಮುಂದೆ ಹನ್ನೊಂದು ದಿನ. ದಿನಾ ಸಂಜೆ ಹೇಳಬೇಕೆಂದುಕೊಂಡು ಬಸ್ಸಿಳಿಯುತ್ತಿದ್ದೆ. ಚಿಗವ್ವ ಚಹಾ ಕೊಟ್ಟು, ಇವತ್ತು ಇಷ್ಟು ಗಿಡ ಎಂದು ಹೇಳುತ್ತಿದ್ದಳು. ಐವತ್ತೆಂಟು. ಎಪ್ಪತ್ತು. ತೊಂಬತ್ತು. ನಾನು "ಪರೀಕ್ಷೆ ಮಾಡಸಬೇಕು" ಎನ್ನುತ್ತಿದ್ದೆ. ಯಾವ ಪರೀಕ್ಷೆ, ಎಲ್ಲಿ ಎಂದು ಆಕೆ ಕೇಳಲಿಲ್ಲ. ನಾನು ಯಾರಿಗೂ ಒಂದು ಎಲೆಯನ್ನೂ ಕಳಿಸಲಿಲ್ಲ.

ಹನ್ನೆರಡನೆಯ ದಿನ ಕಾಲೇಜಿಗೆ ರಜೆಯಿತ್ತು. ಪುಡಿ ತೀರಿತ್ತು. ಕಾಕಾ ತನ್ನ ಆಟೋದಲ್ಲಿ ನಮ್ಮಿಬ್ಬರನ್ನೂ ಹನುಮಸಾಗರದ ಔಷಧದ ಅಂಗಡಿಗೆ ಕರೆದುಕೊಂಡು ಹೋದ. ಅವನಿಗೆ ಆಗಲೇ ಅನುಮಾನ ಹತ್ತಿತ್ತು, ಆದರೆ ಅದು ಅಂಗಡಿಯವನ ಮೇಲೆ. ಇಳಿದವನೇ ಖಾಲಿ ಪೊಟ್ಟಣಗಳನ್ನು ಗಲ್ಲೆಯ ಮೇಲೆ ಎಸೆದ.

"ಡೂಪ್ಲಿಕೇಟ್ ಮಾರಾಕತ್ತೀಯೇನಪಾ? ಮೂರ ಸಲ ಹೊಡದೀವಿ. ಏಳ ಗಿಡ ಇದ್ದದ್ದು ನೂರ ಆಗ್ಯಾವು. ಹಿಟ್ಟ ಕಟ್ಟಿ ಕೊಟ್ಟಿದ್ರೂ ಇಷ್ಟ ಆಗ್ತಿತ್ತು."

ಅಂಗಡಿಯಲ್ಲಿ ಗೊಬ್ಬರಕ್ಕೆ ಬಂದ ನಾಲ್ಕೈದು ಜನರಿದ್ದರು. ಎಲ್ಲರೂ ತಿರುಗಿದರು. ಅಂಗಡಿಯವನು ನಡುವಯಸ್ಸಿನ ಮೆದು ಮನುಷ್ಯ. ಪೊಟ್ಟಣಗಳನ್ನು ಒಂದೊಂದಾಗಿ ತಿರುವಿ ನೋಡಿದ.

"ಪುಡಿ ಖರೇದ ಐತ್ರೀ. ಯಾವ ಬೆಳಿಗೆ ಹೊಡದೀರಿ?"

"ಪಪ್ಪಾಯಿಗೆ," ಎಂದು ಚಿಗವ್ವ ಚೀಲದಿಂದ ಒಂದು ಎಲೆ ತೆಗೆದು ಕೊಟ್ಟಳು.

ಅವನು ಎಲೆಯನ್ನು ಬೆಳಕಿಗೆ ಹಿಡಿಯಲೂ ಇಲ್ಲ. "ಅಕ್ಕಾ, ಇದು ವೈರಸ್ಸು. ಈ ಪುಡಿ ದುಂಡಾಣುವಿಗೆ. ಇದನ್ನ ಕೊಡಗಟ್ಟಲೆ ಹೊಡದ್ರೂ ವೈರಸ್ಸಿಗೆ ಏನೂ ಆಗಂಗಿಲ್ಲ. ಮೊದಲ ದಿನಾನ ಕಿತ್ತ ಒಗೀಬೇಕಾಗಿತ್ತು. ಯಾರ್ ಹೇಳಿದ್ರು ನಿಮಗ ಇದನ್ನ ಹೊಡೀರಿ ಅಂತ?"

"ನೀನ ಹೇಳಿರಬೇಕು, ಇಲ್ಲಂದ್ರ ಯಾರ್ ಹೇಳ್ತಾರ?" ಎಂದ ಕಾಕಾ. "ಮಾರೂ ಹೊತ್ತಿನ್ಯಾಗ ಒಂದ ಮಾತು, ಬ್ಯಾನಿ ಬಂದ ಮ್ಯಾಲೊಂದ ಮಾತು."

"ನನ್ನ ಯಾರೂ ಕೇಳಿಲ್ರಿ ಸಾಹುಕಾರ. ಪುಡಿ ಕೊಡು ಅಂದ್ರು, ಕೊಟ್ಟೆ. ಕೇಳಿದ್ರ ಹೇಳ್ತಿದ್ದೆ."

ಹಿಂದೆ ನಿಂತವರಲ್ಲಿ ಒಬ್ಬ, "ಈ ಅಂಗಡಿಯವರದು ಎಲ್ಲಾರ್ದೂ ಇದ ಹಣೇಬರ," ಎಂದ. ಅಂಗಡಿಯವನ ಮುಖ ಕೆಂಪಾಯಿತು. ಅವನು ನನ್ನ ಕಡೆ ನೋಡಿದ. ನನ್ನ ಓದು ಅವನಿಗೆ ಗೊತ್ತಿತ್ತು. ಒಮ್ಮೆ ಅವನ ಮಗಳು ಕಾಲೇಜು ಸೇರುವಾಗ ಯಾವ ವಿಷಯ ತೆಗೆದುಕೊಳ್ಳಬೇಕೆಂದು ನನ್ನನ್ನೇ ಕೇಳಿದ್ದ. "ಇವರ್ನ ಕೇಳ್ರಿ ಬೇಕಾದ್ರ," ಎಂದ. "ಇವರು ಓದ್ಯಾರ. ನಾ ಹೇಳೂದು ಖರೇನೋ ಸುಳ್ಳೋ ಹೇಳ್ಲಿ."

ನಾನು ತಲೆಯಾಡಿಸಿದೆ. ಅಷ್ಟೇ. ಅವನು ಹೇಳುವುದು ಸರಿ ಎಂದು ತಲೆಯಾಡಿಸಿದೆ. ಪುಡಿ ಹೊಡೆಯಲು ಹೇಳಿದವಳು ನಾನು ಎಂದು ಹೇಳಲಿಲ್ಲ. ಕಾಕಾ ಮತ್ತೆ, "ಮತ್ತ ಯಾರು ಹೇಳಿದ್ರು?" ಎಂದು ಚಿಗವ್ವನ ಕಡೆ ತಿರುಗಿದ.

ಚಿಗವ್ವ ನನ್ನನ್ನು ನೋಡಲಿಲ್ಲ. ಎಲೆಯನ್ನು ಮಡಚಿ ಚೀಲಕ್ಕೆ ಹಾಕಿದಳು. "ಯಾರೂ ಹೇಳಿಲ್ಲ. ದಾಳಿಂಬ್ರಿಗೆ ಹೊಡೀತಿದ್ವಲ್ಲ, ಹಂಗಂತ ನಾನ ತಿಳಕೊಂಡು ಹೊಡದೆ."

"ಶಾಣ್ಯಾಕಿ," ಎಂದ ಕಾಕಾ. ಅಂಗಡಿಯ ಜನ ನಕ್ಕರು. ಯಾರೂ ಕೇಡಿಗೆ ನಕ್ಕಿದ್ದಲ್ಲ. ಆದರೂ ಆಕೆಯ ಕಿವಿಯ ತುದಿ ಕೆಂಪಗಾದದ್ದು ಹಿಂದೆ ನಿಂತಿದ್ದ ನನಗೆ ಕಂಡಿತು.

ಮನೆಗೆ ಬಂದ ಮೇಲೆ ಚಿಗವ್ವ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ನಡೆದಳು. ನಾನು ಹಿಂದೆಯೇ ಹೋದೆ. ಆಕೆ ಮೊದಲ ಗಿಡದ ಬುಡಕ್ಕೆ ಕೈ ಹಾಕಿದಾಗ ಹೇಳಿದೆ. ಫೋಟೋದಲ್ಲಿ ಎಲೆ ನೋಡದೆ ಹೇಳಿದ್ದು, ಆ ಭಾನುವಾರವೇ ನನಗೆ ಗೊತ್ತಾಗಿದ್ದು, ಗೊತ್ತಾದ ಮೇಲೂ ಇನ್ನೊಂದು ಸಲ ಹೊಡೆಯಲು ಹೇಳಿದ್ದು, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದೆ.

ಆಕೆ ಗಿಡ ಕಿತ್ತು ಬದಿಗಿಟ್ಟಳು. ಪಪ್ಪಾಯಿ ಬೇರು ಆಳವಿಲ್ಲ, ಸುಲಭವಾಗಿ ಬರುತ್ತದೆ.

"ಆ ಐತವಾರ ನಿನ್ನ ಮಾರಿ ನೋಡಿದಾಗನ ನನಗ ಏನೋ ಅನ್ನಿಸ್ತು," ಎಂದಳು. "ಆದ್ರೂ ನೀ ಹೊಡಿ ಅಂದಿ. ಓದಿದಾಕಿ ಅಂದ್ಲು, ಇರಬೇಕು ಅಂದ್ಕೊಂಡು ಹೊಡದೆ."

"ಸಿಟ್ಟ ಮಾಡು ಚಿಗವ್ವ."

"ಮಾಡೀನಿ. ನಿನಗ ಕಾಣಬೇಕಂತ ಏನೈತಿ?"

ಎರಡು ಸಾಲು ಕಿತ್ತೆವು. ಆಮೇಲೆ ಆಕೆ ಬೆನ್ನು ನೆಟ್ಟಗೆ ಮಾಡಿ ನಿಂತು, "ಯಾಕ ಸಾಯಂಗಿಲ್ಲದು?" ಎಂದು ಕೇಳಿದಳು. "ಪುಡಿ ಅಷ್ಟ ಜಬರದಸ್ತ್ ಐತಿ. ಅಷ್ಟ ದೊಡ್ಡ ರೋಗಾನ ನಿಲ್ಲಸ್ತಿತ್ತು."

ನಾನು ಹೇಳಿದೆ. ದಾಳಿಂಬೆಯ ದುಂಡಾಣು ಹೊರಗಿನಿಂದ ಬಂದ ಒಂದು ಪೂರ್ತಿ ಜೀವ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಪುಡಿ ಅದರ ಒಲೆ ಆರಿಸುತ್ತದೆ. ವೈರಸ್‌ಗೆ ಒಲೆಯಿಲ್ಲ. ಅದು ಗಿಡದೊಳಗೆ ಹೋಗಿ ಗಿಡದ ಕೈಯಿಂದಲೇ ತನ್ನದನ್ನು ಮಾಡಿಸಿಕೊಳ್ಳುತ್ತದೆ. ಚಿಗವ್ವ ಕೈಯ ಮಣ್ಣು ಒರೆಸಿಕೊಂಡಳು.

"ಅಂದ್ರ ಕ್ರಾಸಿಂಗ್ ಇದ್ದಂಗ. ನಾವು ಬ್ಯಾರೆ ಗಿಡದ ಹುಡಿ ಹಚ್ತೀವಿ. ಗಿಡ ಇದರದ, ನೀರು ಗೊಬ್ಬರ ಇದರದ, ಕಾಯಿ ಇದರದ. ಬೀಜ ಮಾತ್ರ ಕಂಪನಿಯವರು ಹೇಳಿದ್ದು. ಗಿಡಕ್ಕ ತಾ ಯಾರದು ಹೊರಾಕತ್ತೀನಿ ಅನ್ನೂದ ಗೊತ್ತಿರಂಗಿಲ್ಲ."

"ಹೌದು."

"ಹಂಗಾರ ಅದನ್ನ ನಿಲ್ಲಸಬೇಕಂದ್ರ ಗಿಡಾನ ತೆಗೀಬೇಕು." ಮತ್ತೆ ಬಗ್ಗಿದಳು. "ಮದ್ಲ ದಿನಾನ ಹಿಂಗ ಹೇಳಿದ್ರ ತಿಳೀತಿತ್ತಲ್ಲವಾ ನನಗ."

ಬೋರ್ಡಿನ ಮೇಲೆ ನಾನು ಬರೆದ ಎರಡು ಚಿತ್ರಗಳಿಗಿಂತ ಆಕೆಯ ಹೋಲಿಕೆ ಸರಿಯಾಗಿತ್ತು. ಆಕೆಯನ್ನು ಕೂರಿಸಿಕೊಂಡು ಐದು ನಿಮಿಷ ಮಾತಾಡಿದ್ದರೆ, ಎಲೆ ಹೇಗಿದೆ ಎಂದು ನಾನು ಕೇಳದಿದ್ದರೂ ಆಕೆಯೇ ಹೇಳಿಬಿಡುತ್ತಿದ್ದಳು. ದಿನಕ್ಕೆ ಸಾವಿರ ಹೂವು ನೋಡಿದ ಕಣ್ಣು. ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವತ್ತು ಮತ್ತು ಮರುದಿನ ಸೇರಿ ನೂರ ಹತ್ತು ಗಿಡ ಕಿತ್ತು ಸುಟ್ಟೆವು. ತಡವಾಗಿತ್ತು. ಎರಡು ವಾರದಲ್ಲಿ ಉಳಿದವುಗಳ ತುದಿ ಎಲೆಗಳೂ ದಾರವಾಗತೊಡಗಿದವು. ರೋಗ ಕಾಣುವ ಮೊದಲೇ ಒಳಗೆ ಹೊಕ್ಕಿರುತ್ತದೆ.

ಕಾಕಾ ನೆಟ್ಟಿನವರಿಗೆ ಬರಹೇಳಿದ್ದಾನೆ ಎಂದು ಅವ್ವನಿಂದ ತಿಳಿಯಿತು. ಅವತ್ತೇ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಬೇಕೆಂದು ನಿರ್ಧರಿಸಿದೆ. ಒಮ್ಮೆ ಹೇಳಿಬಿಟ್ಟರೆ ಚಿಗವ್ವನಿಗೆ ಇನ್ನೊಂದು ಬೆಳೆಯ ಅವಕಾಶ ಸಿಗುತ್ತದೆ ಎಂಬ ಆಸೆ.

"ಕಾಕಾ, ಪುಡಿ ಹೊಡಿ ಅಂತ ಹೇಳಿದಾಕಿ ನಾನು. ತಪ್ಪು ನಂದು. ಚಿಗವ್ವಂದಲ್ಲ. ಇನ್ನೊಂದ ಬೆಳಿ ಬಿಡು ಆಕಿಗೆ."

ಕಾಕಾ ನನ್ನನ್ನು ನೋಡಿ ನಕ್ಕ. ಪ್ರೀತಿಯ ನಗೆ. "ನಿನಗ ಗೊತ್ತಿಲ್ಲೇನು, ಪುಡಿ ವೈರಸ್ಸಿಗೆ ನಡಿಯಂಗಿಲ್ಲಂತ? ಅದನ್ನ ಓದಾಕ ಐದ ವರ್ಷ ಹೋಗಿದ್ದಿ."

"ಗೊತ್ತಿತ್ತು. ನೋಡದ ಹೇಳಿದೆ."

"ಬಿಡವಾ. ಚಿಗವ್ವನ್ನ ಉಳಸಾಕ ಹೇಳಾಕತ್ತಿ, ತಿಳೀತೈತಿ." ಅಪ್ಪನ ಕಡೆ ತಿರುಗಿದ. "ಹುಡುಗೀ ಗುಣಾ ನೋಡಣ್ಣ. ತನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಾಳ." ಅಪ್ಪನ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನು ನೋಡುವುದು ನನಗೆ ಸಾಧ್ಯವಾಗಲಿಲ್ಲ.

"ಫೋನಿನಾಗ ಐತಿ ಕಾಕಾ, ತೋರಸ್ತೀನಿ," ಎಂದು ಏಳಹೊರಟೆ.

ಒಲೆಯ ಮುಂದೆ ಚಿಗವ್ವ ರೊಟ್ಟಿ ತಟ್ಟುತ್ತಿದ್ದಳು. ಆಕೆಯ ಕೈ ನಿಂತಿತು. "ಕುಂದ್ರು," ಎಂದಳು. "ಯಾಕ ಸುಮ್ನ ಅದನ್ನ ಕೆದರ್ತಿ. ನಾ ಅಂಗಡ್ಯಾಗ ಹೇಳಿದ್ದು ಹೇಳಿದ್ದ." ಮತ್ತೆ ತಟ್ಟತೊಡಗಿದಳು. ಅಷ್ಟು ಜನರ ಮುಂದೆ ಒಮ್ಮೆ ಹೊತ್ತದ್ದನ್ನು ಈಗ ಮನೆಯೊಳಗೆ ಇಳಿಸಿ ನನ್ನ ಮೇಲೆ ಹೊರಿಸಲು ಆಕೆಗೆ ಇಷ್ಟವಿರಲಿಲ್ಲ. ಅಥವಾ ನನ್ನಿಂದ ಉಳಿಸಿಕೊಂಡ ಹೊಲ ಆಕೆಗೆ ಬೇಡವಾಗಿತ್ತು. ಯಾವುದೆಂದು ಕೇಳಲಿಲ್ಲ. ನಾನು ಕೂತೆ. ಏಳಬಹುದಿತ್ತು. ಫೋನು ಗೋಡೆಯ ಗೂಡಿನಲ್ಲೇ ಇತ್ತು, ನಾಲ್ಕು ಹೆಜ್ಜೆ ದೂರ.

ಅಂಗಡಿಯವನ ಹತ್ತಿರ ಮಾತ್ರ ಆಮೇಲೆ ಒಬ್ಬಳೇ ಹೋಗಿ ಹೇಳಿ ಬಂದೆ. ಅವನು ಕೇಳಿಸಿಕೊಂಡು, "ಅವತ್ತ ಹೇಳಿದ್ರ ಛಲೋ ಇತ್ರಿ," ಎಂದಷ್ಟೇ ಹೇಳಿ ಗೊಬ್ಬರದ ಚೀಲ ತೂಗಲು ಎದ್ದ. ಅವತ್ತಿನ ಗಿರಾಕಿಗಳು ಯಾರೂ ಅಲ್ಲಿರಲಿಲ್ಲ.

ಕಂಬ ನೆಟ್ಟರು, ಬಲೆ ಎಳೆದರು. ಈಗ ಆ ಅರ್ಧ ಎಕರೆಯಲ್ಲಿ ಟೊಮೇಟೊ ಬೀಜ ಆಗುತ್ತದೆ. ಒಳ್ಳೆಯ ಕೈ ಎಂದು ಮೇಸ್ತ್ರಿ ಚಿಗವ್ವನನ್ನೇ ಮೊದಲು ಕರೆದ. ಆಕೆ ಹೋಗುತ್ತಾಳೆ. ತನ್ನ ಹೊಲಕ್ಕೆ ತಾನೇ ಕೂಲಿಗೆ. ಮನೆಯಲ್ಲಿ ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಾಳೆ, ಚಹಾ ಕೊಡುತ್ತಾಳೆ. ಗಿಡದ ವಿಷಯ ಮಾತ್ರ ಕೇಳುವುದಿಲ್ಲ. ಮನೆಯ ಉಳಿದವರು ಈಗಲೂ ಕೇಳುತ್ತಾರೆ. ಕಾಕಾ ಮೊನ್ನೆ ಮೆಣಸಿನ ಗಿಡದ ಎಲೆ ತಂದು, "ಅಕ್ಕೋರ, ನೋಡ್ರಿ," ಎಂದ. ನನಗೆ ಗೊತ್ತಾಗುವುದಿಲ್ಲ ಎಂದೆ. ವಿನಯ ಎಂದುಕೊಂಡ.

ಬೆಳಿಗ್ಗೆಯ ಕುಷ್ಟಗಿ ಬಸ್ಸು ಆ ಹೊಲದ ಪಕ್ಕದಲ್ಲೇ ಹಾದುಹೋಗುತ್ತದೆ. ಬಿಳಿ ಬಲೆ ಎಡಗಡೆಗೆ ಬರುತ್ತದೆ. ಒಳಗೆ ಸಾಲಿನಲ್ಲಿ ಬಗ್ಗಿದ ಹೆಂಗಸರು ಮಸುಕಾಗಿ ಕಾಣುತ್ತಾರೆ, ಯಾರು ಯಾರೆಂದು ತಿಳಿಯುವುದಿಲ್ಲ. ಎಡಗಡೆ ಸೀಟು ಖಾಲಿಯಿದ್ದರೂ ನಾನು ಬಲಗಡೆ ಕೂರುತ್ತೇನೆ.